ಹಳೆಯ ತೊಟ್ಟಿಲಿಗೆ ಹೊಸ ಮೆರುಗು



ಮಗಳು ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದಾಗಲೇ ನಮಗೆಲ್ಲ ಅಟ್ಟದ ಮೇಲಿನ ತೊಟ್ಟಿಲ ನೆನಪಾಗುವುದು. ಅಲ್ಲಿಯತನಕ ಅದು ಹಳೇ ಚಾಪೆ, ಒಡಕು ಬುಟ್ಟಿ, ಅಡಿಕೆ ಹಾಳೆಗಳ ನಡುವೆ ಹೊಗೆ ಕುಡಿಯುತ್ತ ಮಲಗಿರುತ್ತದೆ. ಇಳಿಸಿ ನೋಡಿದರೆ ಮೈಯೆಲ್ಲ ಮಸಿ. ಒಂದೆರಡು ಕಂಬಿ ಅಲ್ಲಾಡುತ್ತವೆ. ಯಾವ ಕಾಲದಲ್ಲೋ ಬಳಿದ ಬಣ್ಣ ಅಲ್ಲಲ್ಲಿ ಹಕ್ಕಳೆ ಎದ್ದಿದೆ. ಆಗ ಮನೆಯಲ್ಲಿ ಎರಡು ಮಾತು ಬರುತ್ತವೆ. “ಇದನ್ನ ಬಚ್ಚಲ ಒಲೆಗೆ ಹಾಕಿ, ಪೇಟೆಯಿಂದ ಹೊಸದು ತಂದರಾಯ್ತು” ಅಂತ ಒಬ್ಬರು. “ಚೆನ್ನಾಗಿ ಕೆರೆದು ಒಂದು ಕೈ ಬಣ್ಣ ಬಳಿದರೆ ಹೊಸದೇ ಆಗ್ತದೆ” ಅಂತ ಇನ್ನೊಬ್ಬರು. ಎರಡು ಮಾತೂ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತವೆ. ಆದರೆ ಎರಡರಲ್ಲೂ ಹುಟ್ಟಲಿರುವ ಮಗುವಿಗೇ ಕೇಡಾಗುವ ಸಂಗತಿಯೊಂದು ಅಡಗಿದೆ. ಅದು ಯಾವುದು, ಅದನ್ನು ತಪ್ಪಿಸಿ ಕಡಿಮೆ ಖರ್ಚಿನಲ್ಲಿ ಹಳೆಯ ತೊಟ್ಟಿಲು, ತಳ್ಳುಗಾಡಿ, ಬೆಂಚುಗಳನ್ನು ಹೇಗೆ ನೇರ್ಪು ಮಾಡಿಕೊಳ್ಳಬಹುದು ಎಂಬುದನ್ನು ಇವತ್ತು ವಿಚಾರ ಮಾಡೋಣ.

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಹಳೆಯ ಮರದ ಸಾಮಾನಿಗೆ ಬರವಿಲ್ಲ. ಹಳೇ ಮನೆ ಬಿಚ್ಚುವವರಲ್ಲಿ ಸಿಗುತ್ತದೆ. ನೆಂಟರ ಅಟ್ಟದಲ್ಲಿ ಇರುತ್ತದೆ. ಪೇಟೆಯಲ್ಲಿ ಹಳೇ ಸಾಮಾನಿನ ಅಂಗಡಿಯೂ ಉಂಟು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿಯ ನೀರು ಹಿಂದಕ್ಕೆ ನಿಂತಾಗ, ಸಾಗರ ಮತ್ತು ಹೊಸನಗರ ತಾಲ್ಲೂಕಿನ ಎಷ್ಟೋ ಕುಟುಂಬಗಳು ಊರು ಬಿಟ್ಟು ಹೊರಟವು. ಮುಳುಗಡೆಯ ಆ ದಿನಗಳಲ್ಲಿ ಬಾಗಿಲು, ಕಂಬ, ಪೆಟ್ಟಿಗೆಗಳ ಜೊತೆಗೆ ಗಾಡಿ ಏರಿ ಬಂದ ತೊಟ್ಟಿಲುಗಳು ಇವತ್ತಿಗೂ ಕೆಲವು ಮನೆಗಳಲ್ಲಿವೆ. ಇವುಗಳ ಮರ ಹಲಸಿನದೋ, ಸಾಗುವಾನಿಯದೋ, ಹೊನ್ನೆಯದೋ, ಬೀಟೆಯದೋ ಆಗಿರುತ್ತದೆ. ಹತ್ತಾರು ಮಳೆಗಾಲ, ಹತ್ತಾರು ಬೇಸಿಗೆ ಕಂಡ ಮರ ಇನ್ನು ಸೊಟ್ಟಗಾಗುವುದಿಲ್ಲ, ಸೀಳುವುದಿಲ್ಲ. ಇಂದು ಪೇಟೆಯಲ್ಲಿ ಸಿಗುವ ಹೊಟ್ಟು-ಅಂಟು ಒತ್ತಿ ಮಾಡಿದ ಹಲಗೆಯ ತೊಟ್ಟಿಲು ನಮ್ಮ ಒಂದು ಮಳೆಗಾಲ ಕಳೆಯುವುದರಲ್ಲಿ ಉಬ್ಬಿ ಹೋಗುತ್ತದೆ. ಆದ್ದರಿಂದ ಹಳೆಯದನ್ನು ಉಳಿಸಿಕೊಳ್ಳಬೇಕೆಂಬ ಆಸೆ ನ್ಯಾಯವಾದದ್ದೇ. ಜೊತೆಗೆ, ನಾಲ್ಕು ಮಕ್ಕಳು ಬೆಳೆದ ತೊಟ್ಟಿಲು ಶುಭವೆಂಬ ನಂಬಿಕೆಯೂ ನಮ್ಮಲ್ಲಿದೆಯಲ್ಲ.

ಮರದ ವಿಷಯದಲ್ಲಿ ಹೆದರಿಕೆ ಬೇಡ. ಹೆದರಬೇಕಾದದ್ದು ಅದರ ಮೇಲಿನ ಬಣ್ಣಕ್ಕೆ.

ಅಂಗಡಿಯ ಎಣ್ಣೆಬಣ್ಣಗಳಿಗೆ ಸೀಸ ಸೇರಿಸುವ ರೂಢಿ ಬಹುಕಾಲ ಇತ್ತು. ಬಣ್ಣ ಬೇಗ ಒಣಗಲಿ, ಗಾಢವಾಗಿ ಕಾಣಲಿ, ಮಳೆ-ಬಿಸಿಲಿಗೆ ತಡೆಯಲಿ ಎಂಬ ಕಾರಣಕ್ಕೆ ಅದನ್ನು ಹಾಕುತ್ತಿದ್ದರು. ಸೀಸದ ಸಫೇದವೆಂಬ ಬಿಳಿ, ಸಿಂಧೂರದ ಕೆಂಪು, ಕಣ್ಣು ಕೋರೈಸುವ ಹಳದಿ, ಆ ಹಳದಿಗೆ ನೀಲಿ ಬೆರೆಸಿ ಮಾಡಿದ ಹಸಿರು — ಇವುಗಳಲ್ಲಿ ಸೀಸ ಹೆಚ್ಚು. ಮಕ್ಕಳ ಸಾಮಾನಿಗೆ ನಾವು ಆರಿಸಿ ಆರಿಸಿ ಬಳಿಯುವುದೂ ಇವೇ ಬಣ್ಣಗಳನ್ನು, ನೋಡಿ. ಭಾರತ ಸರ್ಕಾರ 2016ರಲ್ಲಿ ನಿಯಮ ಮಾಡಿ, ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಪಾಲಿಗೆ 90 ಪಾಲಿಗಿಂತ ಹೆಚ್ಚಿರಕೂಡದೆಂದು ಗೊತ್ತುಮಾಡಿತು. ಈ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಆದ್ದರಿಂದ ಅದಕ್ಕೂ ಹಿಂದೆ ಬಳಿದ ಎಣ್ಣೆಬಣ್ಣವಾದರೆ, ಅದರಲ್ಲಿ ಸೀಸ ಇದೆ ಎಂದೇ ತಿಳಿದು ನಡೆದುಕೊಳ್ಳತಕ್ಕದ್ದು. ಬಣ್ಣ ಎಂದಿನದೆಂದು ಗೊತ್ತಾಗದಿದ್ದರೂ ಹಾಗೆಯೇ. ಕಣ್ಣಿಗೆ, ಮೂಗಿಗೆ ಇದು ಗೊತ್ತಾಗುವ ಸಂಗತಿಯಲ್ಲ.

ಸೀಸ ದೊಡ್ಡವರಿಗೂ ವಿಷವೇ. ಆದರೆ ಹೊಟ್ಟೆಗೆ ಹೋದ ಸೀಸವನ್ನು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಚಿಕ್ಕಮಕ್ಕಳ ಮೈ ಹೀರಿಕೊಳ್ಳುತ್ತದೆ. ಮಿದುಳು ಬೆಳೆಯುವ ವಯಸ್ಸು ಅದು. ಇಷ್ಟು ಸೀಸದಿಂದ ಏನೂ ಆಗುವುದಿಲ್ಲ ಎಂದು ಹೇಳಬಹುದಾದ ಅಳತೆಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಲ್ಲು ಮೊಳೆಯುವ ಮಗು ಎದ್ದು ನಿಂತು ಮೊದಲು ಕಚ್ಚುವುದು ಯಾವುದನ್ನು? ತೊಟ್ಟಿಲ ಅಂಚು, ತಳ್ಳುಗಾಡಿಯ ಹಿಡಿ, ಬೆಂಚಿನ ಮೂಲೆ. ನೆಲಕ್ಕೆ ಬಿದ್ದ ಬಣ್ಣದ ಧೂಳು ಅಂಬೆಗಾಲಿಡುವ ಮಗುವಿನ ಅಂಗೈಗೆ, ಅಲ್ಲಿಂದ ಬಾಯಿಗೆ. ಇದರಿಂದ ತಕ್ಷಣಕ್ಕೆ ಏನೂ ಕಾಣುವುದಿಲ್ಲ. ನಿಧಾನವಾಗಿ ಹೊಟ್ಟೆನೋವು, ಮಲಬದ್ಧತೆ, ಊಟ ಸೇರದಿರುವುದು, ಮೈ ಬಿಳಿಚುವುದು, ಸುಮ್ಮಸುಮ್ಮನೆ ಹಟ. ಮುಂದೆ ಶಾಲೆಯಲ್ಲಿ ಪಾಠ ತಲೆಗೆ ಹತ್ತುವುದಿಲ್ಲ. “ಹುಡುಗನಿಗೆ ವಿದ್ಯೆ ಬರೆದಿಲ್ಲ” ಅಂತ ನಾವು ಹಣೆಬರಹವನ್ನು ದೂರುತ್ತೇವೆ. ಮಗು ಹಳೆಯ ಬಣ್ಣ ಕಚ್ಚಿ ತಿಂದಿದೆಯೆಂದು ಸಂಶಯ ಬಂದರೆ ವೈದ್ಯರ ಬಳಿ ಅದನ್ನು ಬಾಯಿಬಿಟ್ಟು ಹೇಳಿ. ರಕ್ತದಲ್ಲಿ ಸೀಸ ಎಷ್ಟಿದೆಯೆಂದು ನೋಡುವ ಪರೀಕ್ಷೆ ಇದೆ. ಆದರೆ ನಾವು ಹೇಳದೆ ಅವರಿಗೆ ಆ ಯೋಚನೆ ಬರುವುದು ಕಷ್ಟ.

ಇನ್ನು ಮೊದಲು ಹೇಳಿದ ಬಾಣಂತನದ ಮಾತು. ಮಗಳು ಏಳು-ಎಂಟು ತಿಂಗಳ ಬಸುರಿಯಾಗಿ ಜಗಲಿಯಲ್ಲಿ ಕೂತಿರುತ್ತಾಳೆ. ಅಲ್ಲೇ ಪಕ್ಕದಲ್ಲಿ ಅಪ್ಪನೋ ಅಣ್ಣನೋ ತೊಟ್ಟಿಲನ್ನು ಕರಕರ ಕೆರೆಯುತ್ತಿರುತ್ತಾರೆ. ಪ್ರೀತಿಯ ಕೆಲಸವೇ ಹೌದು. ಆದರೆ ತಾಯಿಯ ಉಸಿರಿಗೆ, ಊಟಕ್ಕೆ ಬಿದ್ದ ಸೀಸದ ಧೂಳು ಹೊಟ್ಟೆಯೊಳಗಿನ ಕೂಸಿಗೂ ಮುಟ್ಟುತ್ತದೆ. ಹಾಗಾಗಿ ಬಸುರಿ, ಬಾಣಂತಿ, ಮಕ್ಕಳು ಮನೆಯಲ್ಲಿರುವಾಗ ಹಳೇ ಬಣ್ಣದ ಕೆಲಸಕ್ಕೆ ಕೈಹಾಕಲೇಬೇಡಿ. ಮದುವೆಯಾದ ಮಗಳಿರುವ ಮನೆಯವರು ಈ ಬೇಸಿಗೆಯಲ್ಲೇ ಒಂದು ಸಲ ಅಟ್ಟ ಹತ್ತಿ ನೋಡಿಬಿಡುವುದು ಜಾಣತನ.

ಒಲೆಗೆ ಹಾಕುವ ಮಾತಂತೂ ಇನ್ನೂ ಕೆಟ್ಟದ್ದು. ಸೀಸ ಸುಟ್ಟು ಇಲ್ಲವಾಗುವ ವಸ್ತುವಲ್ಲ. ಸ್ವಲ್ಪ ಹೊಗೆಯಲ್ಲಿ ಹೋಗುತ್ತದೆ, ಉಳಿದದ್ದು ಬೂದಿಯಲ್ಲಿ ಕೂರುತ್ತದೆ. ನಮ್ಮ ಬಚ್ಚಲ ಒಲೆಯ ಬೂದಿ ಎಲ್ಲಿಗೆ ಹೋಗುತ್ತದೆ ಹೇಳಿ? ಪಾತ್ರೆ ತಿಕ್ಕಲಿಕ್ಕೆ, ಬಸಳೆ ಬುಡಕ್ಕೆ, ಗೊಬ್ಬರಗುಂಡಿಗೆ, ಅಲ್ಲಿಂದ ತೋಟಕ್ಕೆ. ಒಂದು ಸಲ ಮಣ್ಣಿಗೆ ಸೇರಿದ ಸೀಸವನ್ನು ನಮ್ಮ ಜೀವಮಾನದಲ್ಲಿ ತೆಗೆಯಲಾಗುವುದಿಲ್ಲ. ದನಕರುಗಳಿರುವ ಮನೆಯವರು ಇನ್ನೊಂದು ಮಾತು ನೆನಪಿಡಬೇಕು. ಕರುವಿಗೆ ಕಂಡದ್ದನ್ನೆಲ್ಲ ನೆಕ್ಕುವ ಚಟ. ಬಣ್ಣದ ಹಕ್ಕಳೆ, ಕೆರೆದ ಪುಡಿ, ಹಳೇ ಬಣ್ಣದ ಹಲಗೆ ಕೊಟ್ಟಿಗೆಯ ಹತ್ತಿರ ಬಿದ್ದಿದ್ದರೆ ಅದನ್ನೂ ನೆಕ್ಕುತ್ತದೆ. ಸೀಸ ಹೊಟ್ಟೆಗೆ ಹೋದ ಕರು ಕಣ್ಣು ಕಾಣದೆ ತಡವರಿಸುತ್ತದೆ, ಹಲ್ಲು ಕಡಿಯುತ್ತದೆ, ಗೋಡೆಗೋ ಕಂಬಕ್ಕೋ ಹಣೆ ಒತ್ತಿ ನಿಲ್ಲುತ್ತದೆ. ಎಷ್ಟೋ ಸಲ ಅದನ್ನು ಬದುಕಿಸಿಕೊಳ್ಳಲಾಗುವುದಿಲ್ಲ.

ಹಾಗಾದರೆ ಮಾಡುವುದೇನು?

ಮೊದಲು ಆ ತೊಟ್ಟಿಲ ಮೇಲಿರುವುದು ಎಣ್ಣೆಬಣ್ಣವೋ, ಅರಗಿನ ಮೆರುಗೋ, ಬರೀ ಎಣ್ಣೆಮಸಿಯೋ ಎಂದು ತಿಳಿದುಕೊಳ್ಳಬೇಕು. ಪಾಲಿಶ್ ಮಾಡುವವರು ಬಳಸುವ ಸ್ಪಿರಿಟ್ಟಿನಲ್ಲಿ ಬಿಳಿ ಬಟ್ಟೆಯ ತುದಿ ಅದ್ದಿ, ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ತುಸು ಹೊತ್ತು ಒತ್ತಿ ಉಜ್ಜಿ. ಮೆರುಗು ಮೆತ್ತಗಾಗಿ ಜಿಗುಟು ಬಂದು, ಬಟ್ಟೆಗೆ ಕಂದು ಹತ್ತಿದರೆ ಅದು ಅರಗು. ಏನೂ ಆಗದೆ ಬಣ್ಣ ಗಟ್ಟಿಯಾಗಿ ಕೂತಿದ್ದರೆ ಎಣ್ಣೆಬಣ್ಣ ಎನ್ನಿ. ಬಣ್ಣವಿಲ್ಲದ ಬರೀ ಅರಗಿನ ಮೆರುಗಾದರೆ ಅಂಜಿಕೆಯಿಲ್ಲ. ಆದರೆ ಅರಗಿಗೇ ಕೆಂಪು, ಹಳದಿ, ಹಸಿರು ಬೆರೆಸಿದ ಹಳೆಯ ಸಾಮಾನೂ ಉಂಟು. ಆ ಬಣ್ಣದ ಪುಡಿ ಯಾವುದೆಂದು ನಾವು ಬಲ್ಲೆವೆ? ಅದನ್ನೂ ಎಣ್ಣೆಬಣ್ಣದಂತೆಯೇ ಜೋಪಾನವಾಗಿ ಕಾಣಬೇಕು. ಧಾರವಾಡ ಜಿಲ್ಲೆಯ ಕಲಘಟಗಿಯಲ್ಲಿ ಚಿತ್ರಗಾರರು ಪುರಾಣದ ಚಿತ್ರ ಬರೆದು ಅರಗಿನ ಹೊಳಪು ಕೊಟ್ಟ ತೊಟ್ಟಿಲುಗಳು ಹೆಸರುವಾಸಿ. ಅಂಥದ್ದು ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಮರಳುಕಾಗದ ಮುಟ್ಟಿಸಬೇಡಿ. ಒಣಬಟ್ಟೆಯಲ್ಲಿ ಒರೆಸಿ, ಅಂಚಿಗೆ ದಪ್ಪ ಬಟ್ಟೆ ಹೊಲಿದು, ನಾಮಕರಣದ ದಿನ ಬಳಸಿ ಮತ್ತೆ ಜೋಪಾನ ಮಾಡಿ.

ಎಣ್ಣೆಬಣ್ಣದ ತೊಟ್ಟಿಲಾದರೆ ನನ್ನ ಸಲಹೆ ಹೀಗೆ. ಇಡೀ ತೊಟ್ಟಿಲನ್ನು ಕೆರೆದು ಬರಿಮೈ ಮಾಡುವ ಹಟ ಬೇಡ. ಮಗುವಿನ ಬಾಯಿ, ಕೈ ಮುಟ್ಟುವ ಭಾಗ ಯಾವುದು, ಮುಟ್ಟದ ಭಾಗ ಯಾವುದು ಎಂದು ಮೊದಲು ಬೇರೆ ಮಾಡಿ. ಮೇಲಿನ ಅಂಚುಪಟ್ಟಿ, ಸುತ್ತಲಿನ ಕಂಬಿ, ಒಳಮೈಯ ಹಲಗೆ — ಇವನ್ನು ಕೆರೆಯುವ ಬದಲು ಬಿಚ್ಚಿ ತೆಗೆದು, ಆಚಾರಿಯವರಿಂದ ಹೊಸದಾಗಿ ಕೂರಿಸಿಕೊಳ್ಳುವುದೇ ಲೇಸು. ಹಲಸಿನ ನಾಲ್ಕು ತುಂಡು ಯಾರ ಮನೆಯ ಕೊಟ್ಟಿಗೆ ಅಟ್ಟದಲ್ಲಿ ಇಲ್ಲ? ಖರ್ಚೆಂದರೆ ಆಚಾರಿಯವರ ಕೂಲಿ ಮಾತ್ರ. ಕಾಲು, ಬುಡದ ಚೌಕಟ್ಟು ಮೊದಲಾದ ಕಡೆ ಹಳೇ ಬಣ್ಣ ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ, ಅದನ್ನು ಕೆದಕದೆ ಒದ್ದೆಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಅದರ ಮೇಲೆ ಹೊಸ ಬಣ್ಣ ಎರಡು ಕೈ ಬಳಿದು ಮುಚ್ಚಿಬಿಡಿ. ಹೊಸ ಬಣ್ಣದ ಡಬ್ಬದ ಮೇಲೆ ಸೀಸ 90 ಪಾಲು ಮೀರಿಲ್ಲ ಎಂದು ಅಚ್ಚಾಗಿರಬೇಕು. ಅಂಗಡಿಯವರಿಗೆ ತೋರಿಸಿ ಓದಿಸಿಕೊಳ್ಳಿ. ಟ್ರಾಕ್ಟರಿಗೆ, ಕಬ್ಬಿಣದ ಗೇಟಿಗೆ ತಂದು ಉಳಿದ ಬಣ್ಣವನ್ನು ಮಕ್ಕಳ ಸಾಮಾನಿಗೆ ಬಳಿಯಲೇಬಾರದು. ಮೇಲೆ ಹೇಳಿದ ನಿಯಮ ಮನೆಬಳಕೆಯ ಬಣ್ಣಕ್ಕಷ್ಟೇ, ಕಾರ್ಖಾನೆಯ ಬಣ್ಣಕ್ಕಲ್ಲ.

ಬಣ್ಣ ಎಲ್ಲ ಕಡೆಯೂ ಹಕ್ಕಳೆ ಎದ್ದು ಉದುರುತ್ತಿದ್ದರೆ? ಅದನ್ನು ಮಗುವಿಗೆ ಬಳಸುವ ಆಸೆ ಬಿಡಿ. ಇಲ್ಲಿ ಜಿಪುಣತನ ಸಲ್ಲದು.

ಕಂಬಿ ಬಿಚ್ಚುವಾಗ, ಸಂದು ಸರಿಮಾಡುವಾಗ ಸ್ವಲ್ಪ ಬಣ್ಣ ಕೆರೆಯುವುದು ಅನಿವಾರ್ಯವಾದೀತು. ಆಗ ಒಣಮರವನ್ನು ಉಜ್ಜಬಾರದು. ಬೆಂಕಿ ಹಿಡಿದು ಬಣ್ಣ ಸುಡಬಾರದು. ಮಿಷನ್ನಿನಲ್ಲಿ ತಿಕ್ಕಲೇಬಾರದು. ಮನೆಯಿಂದ ದೂರ, ಬಾವಿ-ಕೊಟ್ಟಿಗೆಗಳಿಂದಲೂ ದೂರ, ಗಾಳಿಯಿಲ್ಲದ ಹೊತ್ತಿನಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಕೂರಬೇಕು. ಬಣ್ಣದವರ ಅಂಗಡಿಯಲ್ಲಿ ವಾಟರ್ ಪೇಪರ್ ಎಂಬ ಮರಳುಕಾಗದ ಸಿಗುತ್ತದೆ. ಮರವನ್ನೂ ಅದನ್ನೂ ಒದ್ದೆ ಮಾಡಿಕೊಂಡು ಉಜ್ಜಿದರೆ ಧೂಳು ಏಳುವುದಿಲ್ಲ, ರಾಡಿಯಾಗಿ ಬರುತ್ತದೆ. ಆ ರಾಡಿಯನ್ನು ಹಳೇ ಬಟ್ಟೆಯಲ್ಲಿ ಒರೆಸಿ ಒಂದು ಡಬ್ಬಕ್ಕೆ ಹಾಕುತ್ತ ಹೋಗಿ. ನಡುವೆ ಕವಳ ಹಾಕಬೇಡಿ, ಬೀಡಿ ಸೇದಬೇಡಿ. ಕೈಗೆ ಹತ್ತಿದ್ದು ನೇರ ಬಾಯಿಗೇ ಹೋಗುತ್ತದೆ. ಕೆಲಸ ಮುಗಿದ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಒಳಮುಖವಾಗಿ ಮಡಚಿ, ಡಬ್ಬದ ಬಾಯಿ ಬಿಗಿದು, ಬಿಚ್ಚಿ ತೆಗೆದ ಕಂಬಿಗಳನ್ನೂ ಕಟ್ಟಿ, ಪಂಚಾಯಿತಿಯ ಕಸದ ಗಾಡಿಯವರಿಗೆ ಇದು ವಿಷದ ಕಸವೆಂದು ತಿಳಿಸಿ ಬೇರೆಯಾಗಿ ಕೊಡಿ. ಉಟ್ಟ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯಬೇಡಿ.

ಇಷ್ಟು ಹೆದರಿಸಿದ ಮೇಲೆ ಸಂತೋಷದ ಮಾತಿಗೆ ಬರೋಣ. ನಮ್ಮ ಕಡೆಯ ಹಳೇ ತೊಟ್ಟಿಲುಗಳಲ್ಲಿ ಅನೇಕವು ಬಣ್ಣವನ್ನೇ ಕಂಡವಲ್ಲ. ಕಪ್ಪಾಗಿರುವುದು ಹೊಗೆಯಿಂದ, ಹರಳೆಣ್ಣೆಯ ಕೈಯಿಂದ. ಅಂಥದ್ದಕ್ಕೆ ಅಂಟುವಾಳಕಾಯಿಯೇ ಸಾಕು. ಹತ್ತಿಪ್ಪತ್ತು ಕಾಯಿಯ ಸಿಪ್ಪೆಯನ್ನು ರಾತ್ರಿ ಬಿಸಿನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಕಿವುಚಿ, ತೆಂಗಿನ ನಾರಿನಲ್ಲಿ ಅದ್ದಿ ಮರದ ಎಳೆಯ ಉದ್ದಕ್ಕೆ ತಿಕ್ಕಿ. ಕೂಡಲೇ ಒದ್ದೆಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಎರಡು ದಿನ ಒಣಗಿಸಿ. ನಾಲ್ಕು ಜನ ಸೇರಿ ಬಾವಿಕಟ್ಟೆಯಲ್ಲಿ ನೀರು ಸುರಿದು ತೊಳೆಯುವ ಹಾಗಿಲ್ಲ. ಸಂದುಗಳಿಗೆ ನೀರಿಳಿದರೆ ಹಳೆಯ ಅಂಟು ಬಿಡುತ್ತದೆ. ಒಣಗಿದ ಮೇಲೆ ಮೊದಲು ಒರಟು, ಆಮೇಲೆ ನಯವಾದ ಮರಳುಕಾಗದದಲ್ಲಿ ತಿಕ್ಕಬೇಕು. ಕೊನೆಯ ನಯಕ್ಕೆ ನಮ್ಮ ಬೆಟ್ಟದ ಗರಗತ್ತಿ ಎಲೆ ಇದೆಯಲ್ಲ, ಮುಟ್ಟಿದರೆ ಗರಗಸದ ಹಾಗೆ ಒರಟಾಗಿರುತ್ತದೆ, ಅದು ಕಾಸಿಲ್ಲದ ಮರಳುಕಾಗದ. ಕಂಬಿಯ ತಿರುವು, ಕೆತ್ತನೆಯ ಸಂದುಗಳಿಗೆ ಕಾಗದಕ್ಕಿಂತ ಇದೇ ಮೇಲು.

ತಿಕ್ಕುವಾಗ ಮರದಲ್ಲಿ ಸಣ್ಣ ತೂತು, ತೂತಿನ ಬಾಯಲ್ಲಿ ಹಿಟ್ಟಿನಂಥ ಪುಡಿ ಕಂಡರೆ ಕುಟ್ಟೆ ಹಿಡಿದಿದೆ ಎಂದರ್ಥ. ಬಿಳಿ ಹಾಳೆಯ ಮೇಲೆ ತೊಟ್ಟಿಲಿಟ್ಟು ಒಂದು ವಾರ ಬಿಡಿ. ಹೊಸಪುಡಿ ಉದುರಿದ್ದರೆ ಹುಳು ಜೀವಂತವಾಗಿದೆ. ಮಕ್ಕಳ ಸಾಮಾನಿಗೆ ಹುಳುವಿನ ಔಷಧ ಹೊಡೆಯುವುದು ಬೇಡವೇ ಬೇಡ. ಹುಳು ಸಾಯಲು ಬಿಸಿ ಸಾಕು. ಪರದೇಶಕ್ಕೆ ಸಾಮಾನು ಕಳಿಸುವ ಮರದ ಪೆಟ್ಟಿಗೆಗಳಿಗೆ ಮಾಡುವುದೂ ಅದನ್ನೇ: ಮರದ ನಡುಭಾಗ 56 ಡಿಗ್ರಿ ಬಿಸಿಯಲ್ಲಿ ಅರ್ಧ ಗಂಟೆ ಇರಬೇಕೆಂದು ಅಂತರರಾಷ್ಟ್ರೀಯ ನಿಯಮವಿದೆ. ನಮಗೆ ಅಡಿಕೆ ಬೇಯಿಸುವ ಹಂಡೆ ಇದೆ. ಬಣ್ಣ ಕಾಣದ ಕಂಬಿ-ಪಟ್ಟಿಗಳನ್ನು ಬಿಚ್ಚಿ, ಕುದಿಯುವ ನೀರಿನಲ್ಲಿ ಮುಳುಗಿಸಿ ಭಾರ ಹೇರಿದರೆ, ಒಂದಂಗುಲ ದಪ್ಪದ ತುಂಡಿಗೆ ಒಂದು ಗಂಟೆ ಸಾಕಾಗುತ್ತದೆ. ಆಮೇಲೆ ಅವನ್ನು ಹಲಗೆಗಳ ನಡುವೆ ಒತ್ತಿಟ್ಟು ನೆರಳಲ್ಲಿ ನಿಧಾನವಾಗಿ ಒಣಗಿಸಿ. ಬಿಸಿಲಿಗೆ ಇಟ್ಟರೆ ಸೊಟ್ಟಗಾಗುತ್ತವೆ. ಬೆರಳಲ್ಲಿ ಒತ್ತಿದರೆ ಕುಸಿಯುವಷ್ಟು ಟೊಳ್ಳಾದ ತುಂಡನ್ನು ಬದಲಾಯಿಸುವುದೇ ಸರಿ.

ಇನ್ನು ಮೆರುಗು. ಏನು ಹಚ್ಚಬಾರದೆಂದು ಮೊದಲು ಹೇಳಿಬಿಡುತ್ತೇನೆ. ಇಂಜಿನ್ನಿನ ಸುಟ್ಟೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ — ಒರಲೆಗೆ ಹೆದರಿ ಇವನ್ನು ಜಂತಿ-ರೀಪುಗಳಿಗೆ ಬಳಿಯುತ್ತಾರೆ. ಗೇರಿನ ಎಣ್ಣೆ ಚರ್ಮವನ್ನು ಸುಡುತ್ತದೆ. ಸುಟ್ಟೆಣ್ಣೆಯಲ್ಲಿ ಇಂಜಿನ್ ಸವೆದ ಲೋಹವೆಲ್ಲ ಇರುತ್ತದೆ. ಎರಡೂ ಮಕ್ಕಳ ಹತ್ತಿರ ಬರಕೂಡದು. ಔಷಧಿ, ಮೈಲುತುತ್ತ ತುಂಬಿ ಬಂದ ಪೆಟ್ಟಿಗೆಯ ಹಲಗೆಯನ್ನೂ ತೊಟ್ಟಿಲಿಗೆ ಹಾಕಬೇಡಿ. ಕೊಬ್ಬರಿ ಎಣ್ಣೆ ವಿಷವಲ್ಲ, ಆದರೆ ಅದು ಒಣಗುವ ಜಾತಿಯ ಎಣ್ಣೆಯಲ್ಲ. ಹಚ್ಚಿದ ದಿನ ಹೊಳೆದು, ಆಮೇಲೆ ಜಿಡ್ಡಾಗಿ, ಕಮಟು ವಾಸನೆ ಬಂದು ಇರುವೆ-ಧೂಳು ಕೂರಿಸುತ್ತದೆ.

ಅರಗೇ ಎಲ್ಲಕ್ಕೂ ಮೇಲು ಎಂದು ನನ್ನ ಮತ. ಮುತ್ತುಗ, ಬೋರೆ ಮರಗಳಲ್ಲಿ ಕೂರುವ ಹುಳು ಕೊಡುವ ಪದಾರ್ಥ ಇದು. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಬರುವುದು ಇದರಿಂದಲೇ. ಮಾತ್ರೆ, ಮಿಠಾಯಿಗಳ ಮೇಲಿನ ಹೊದಿಕೆಗೂ ಶುದ್ಧ ಅರಗನ್ನು ಬಳಸುತ್ತಾರೆ. ಒಂದು ಲೀಟರ್ ಸ್ಪಿರಿಟ್ಟಿಗೆ 200ರಿಂದ 250 ಗ್ರಾಂ ಅರಗಿನ ಚೂರು ಹಾಕಿ ಗಾಜಿನ ಬಾಟಲಿಯಲ್ಲಿ ಎರಡು ದಿನ ಬಿಟ್ಟು, ಆಗಾಗ ಕುಲುಕುತ್ತಿದ್ದರೆ ಕರಗುತ್ತದೆ. ಕಬ್ಬಿಣದ ಡಬ್ಬ ಬೇಡ, ಕಪ್ಪಾಗುತ್ತದೆ. ತೆಳುಬಟ್ಟೆಯಲ್ಲಿ ಸೋಸಿಕೊಳ್ಳಿ. ಹತ್ತಿಯ ಉಂಡೆಗೆ ಹಳೆಯ ಮೆತ್ತನೆ ಸೀರೆಯ ತುಂಡು ಸುತ್ತಿ, ಅದ್ದಿ, ಹಿಂಡಿ, ಮರದ ಎಳೆಯ ಉದ್ದಕ್ಕೆ ಒಂದೇ ಎಳೆತಕ್ಕೆ ಸವರಿ. ಹೋದ ಜಾಗಕ್ಕೇ ಮತ್ತೆ ಮತ್ತೆ ಹೋದರೆ ಕೆಳಗಿನ ಪದರ ಎದ್ದು ಬರುತ್ತದೆ. ಒಂದು ಗಂಟೆ ಬಿಟ್ಟು ಎರಡನೆಯ ಕೈ. ಹೀಗೆ ಮೂರು-ನಾಲ್ಕು ಕೈ. ಒಂದು ತೊಟ್ಟಿಲು ಮತ್ತು ಒಂದು ಸಣ್ಣ ಬೆಂಚಿಗೆ ಈ ಒಂದು ಲೀಟರ್ ಸಾಕಾಗುತ್ತದೆ. ವಾಸನೆ ಪೂರ್ತಿ ಹೋಗುವ ತನಕ, ಅಂದರೆ ಒಂದು ವಾರ, ಗಾಳಿಯಾಡುವಲ್ಲಿ ಇಟ್ಟು ಆಮೇಲೆ ಮಗುವಿಗೆ ಬಳಸಿ. ಸ್ಪಿರಿಟ್ಟಿಗೆ ಬೆಂಕಿ ಬೇಗ ಹತ್ತುತ್ತದೆ, ಒಲೆಯ ಹತ್ತಿರ ಇಡಬೇಡಿ. ಕುಡಿದರೆ ಕಣ್ಣು, ಜೀವ ಎರಡೂ ಹೋಗುವ ವಿಷ ಅದು. ಬಾಟಲಿಯ ಮೇಲೆ ಚೀಟಿ ಅಂಟಿಸಿ ಕೈಗೆ ಸಿಗದಂತೆ ಇಡಿ.

ಅರಗಿಗೆ ಒಂದು ದೋಷ ಉಂಟು. ತೇವದ ಹವೆಯಲ್ಲಿ ಹಚ್ಚಿದರೆ ಬೂದುಬಣ್ಣದ ಮಂಜು ಕವಿದಂತೆ ಬಿಳಿಚಿಕೊಳ್ಳುತ್ತದೆ. ಆಗುಂಬೆ ಸುತ್ತಮುತ್ತಲಿನವರಿಗೆ, ನಗರ-ಹುಲಿಕಲ್ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೂನ್‌ನಿಂದ ಅಕ್ಟೋಬರ್ ತನಕ ಈ ಕೆಲಸದ ಹೆಸರೆತ್ತಬೇಡಿ. ಅಡಿಕೆ ಕೊಯ್ಲು ಮುಗಿದು, ಚಪ್ಪರ ಖಾಲಿಯಾದ ಮಾರ್ಚಿ-ಏಪ್ರಿಲ್ ತಿಂಗಳು, ಬೆಳಿಗ್ಗೆ ಇಬ್ಬನಿ ಆರಿದ ಮೇಲಿನ ಹೊತ್ತು ಇದಕ್ಕೆ ಪ್ರಶಸ್ತ. ಸೋಪು-ಸೋಡಾದ ನೀರಿಗೂ ಅರಗು ಬಿಡುತ್ತದೆ. ಹಾಗಾಗಿ ಒಣಗಿದ ಮೇಲೆ ಜೇನುಮೇಣವನ್ನು ತೆಳ್ಳಗೆ ಸವರಿ ಬಟ್ಟೆಯಲ್ಲಿ ಉಜ್ಜಿ. ತುಡುವೆ ಜೇನಿನ ಪೆಟ್ಟಿಗೆ ಇಟ್ಟವರ ಮನೆಯಲ್ಲಿ ಮೇಣಕ್ಕೇನು ಕೊರತೆ!

ಸ್ಪಿರಿಟ್ಟಿನ ರಗಳೆಯೇ ಬೇಡ ಎನ್ನುವವರು ಅಗಸೆ ಎಣ್ಣೆ ಬಳಸಬಹುದು. ಇದು ಗಾಳಿಗೆ ಒಣಗಿ ಗಟ್ಟಿಯಾಗುವ ಎಣ್ಣೆ. ಹಸಿ ಎಣ್ಣೆಯನ್ನೇ ಕೊಳ್ಳಬೇಕು. ಬಣ್ಣದ ಅಂಗಡಿಯ ‘ಕಾಯಿಸಿದ’ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣಗಳನ್ನು ಸೇರಿಸಿರುತ್ತಾರೆ. ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು ಉಳಿದದ್ದನ್ನು ಒರೆಸಿ ತೆಗೆಯಿರಿ. ವಾರಕ್ಕೊಂದು ಕೈಯಂತೆ ಮೂರು ಕೈ. ಕೊನೆಗೆ ಒಂದು ಪಾಲು ಜೇನುಮೇಣ, ನಾಲ್ಕು ಪಾಲು ಇದೇ ಎಣ್ಣೆ ಸೇರಿಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ ಹಚ್ಚಿ. ಇಲ್ಲಿ ಒಂದು ಎಚ್ಚರಿಕೆಯ ಮಾತು: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಅದು ತನ್ನಷ್ಟಕ್ಕೆ ಬಿಸಿಯೇರಿ ಹತ್ತಿಕೊಳ್ಳುತ್ತದೆ. ಕಡ್ಡಿ ಗೀರುವುದೇ ಬೇಡ. ಹುಲ್ಲಿನ ಅಟ್ಟವಿರುವ ಮನೆಗಳಲ್ಲಿ ಇದು ಹುಡುಗಾಟವಲ್ಲ. ಬಟ್ಟೆಯನ್ನು ನೀರಲ್ಲಿ ನೆನೆಸಿ, ಹರಡಿ, ಹೊರಗೆ ಒಣಗಿಸಬೇಕು.

ಅಡಿಕೆ ಚೊಗರಿನ ಬಣ್ಣವನ್ನೂ ಕೆಲವರು ಕೇಳುತ್ತಾರೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಚರಕ ಸಂಸ್ಥೆಯ ಹೆಂಗಸರು ಚೊಗರಿನಿಂದ ಬಟ್ಟೆಗೆ ಬಣ್ಣ ಕಟ್ಟುವುದನ್ನು ನೀವು ನೋಡಿರಬಹುದು. ಮರಕ್ಕೂ ಅದು ಸೊಗಸಾದ ಕೆಂಗಂದು ಕೊಡುತ್ತದೆ. ತುಕ್ಕುಕಬ್ಬಿಣ ನೆನೆದ ಹುಳಿನೀರು ಸೇರಿದರೆ ಕಪ್ಪಾಗುತ್ತದೆ. ಹೊಸದಾಗಿ ಹಾಕಿದ ಹಲಸಿನ ತುಂಡಿನ ಹಳದಿಯನ್ನು ಹಳೇ ಮರದ ಬಣ್ಣಕ್ಕೆ ಹೊಂದಿಸಲು ಒಳ್ಳೆಯ ಉಪಾಯ. ಆದರೆ ಅಡಿಕೆಯ ಸತ್ವ ಕೂಸಿನ ಬಾಯಿಗೆ ಬೇಡ. ಕಾಲು, ಹೊರಮೈಗಳಿಗೆ ಮಾತ್ರ ಹಚ್ಚಿ ಮೇಲೆ ಅರಗು ಕೊಡಿ. ಕಚ್ಚುವ ಅಂಚು, ಹಿಡಿಗಳಿಗೆ ಬೇಡ.

ಇದೇ ಕ್ರಮವನ್ನು ಮೂರು ಚಕ್ರದ ತಳ್ಳುಗಾಡಿಗೂ ಅನುಸರಿಸಬಹುದು. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲೋ ಸಾಗರದ ಮಾರಿಜಾತ್ರೆಯಲ್ಲೋ ಕೊಂಡ ಹಳೇ ಬಣ್ಣದ ಗಾಡಿಯಾದರೆ, ಹಿಡಿಯನ್ನಾದರೂ ಹೊಸದು ಮಾಡಿಸಿ. ಶಾನುಭೋಗಿಕೆ ಕಾಲದ ಇಳಿಜಾರು ಬರೆಯುವ ಮೇಜು ಮನೆಯಲ್ಲಿದ್ದರೆ ಅದು ಶಾಲೆಯ ಮಕ್ಕಳಿಗೆ ಹೇಳಿ ಮಾಡಿಸಿದಂತಿರುತ್ತದೆ. ಮಗು ಕೂತಾಗ ಮೊಣಕೈ ಮಟ್ಟಕ್ಕೆ ಹಲಗೆ ಬಂದರೆ ಸರಿ. ತಗ್ಗಾದರೆ ಕಾಲಿಗೆ ತುಂಡು ಕೊಡಿ, ಎತ್ತರವಾದರೆ ಮಣೆ ಹಾಕಿ ಕೂರಿಸಿ. ಮುಚ್ಚಳ ಬೆರಳ ಮೇಲೆ ಬೀಳದಂತೆ ಒಳಗೆ ಒಂದು ತಡೆ ಹಾಕಿಸಿ.

ಕೊನೆಗೆ ತೊಟ್ಟಿಲ ಅಳತೆ. ಹಿಂದಿನವರು ಕಂಬಿಗಳನ್ನು ಅಂದಕ್ಕೆಂದು ಅಗಲ ಬಿಟ್ಟು ಹಾಕುತ್ತಿದ್ದುದುಂಟು. ಎರಡು ಕಂಬಿಗಳ ನಡುವಿನ ಸಂದು ಆರು ಸೆಂಟಿಮೀಟರ್ ಮೀರಬಾರದು, ಅಂದರೆ ಎರಡೂಕಾಲು ಅಂಗುಲಕ್ಕೆ ಒಂದು ಕೂದಲೆಳೆ ಹೆಚ್ಚು. ಅದಕ್ಕಿಂತ ಹೆಚ್ಚಿದ್ದರೆ ಮಗುವಿನ ಮೈ ಜಾರಿ ತಲೆ ಸಿಕ್ಕಿಹಾಕಿಕೊಳ್ಳುತ್ತದೆ. ನಡುವೆ ಇನ್ನೊಂದು ಕಂಬಿ ಕೂರಿಸಿ. ತುಕ್ಕುಮೊಳೆ ಕಿತ್ತು ತಿರುಪುಮೊಳೆ ಹಾಕಿ, ತಲೆ ಮರದೊಳಗೆ ಮುಳುಗಿರಲಿ. ಜಂತಿಯ ಕೊಂಡಿ, ಸರಪಳಿಯ ಬಳೆಗಳನ್ನು ಒಂದೊಂದಾಗಿ ಕಳಚಿ ನೋಡಿ. ಒಂದಕ್ಕೊಂದು ಉಜ್ಜುವ ಒಳಮೈ ಸವೆದು ಅರ್ಧಕ್ಕೆ ಬಂದಿದ್ದರೆ ಅದನ್ನು ಬದಲಾಯಿಸಲೇಬೇಕು. ತೊಟ್ಟಿಲನ್ನು ನೆಲಕ್ಕೆ ಹತ್ತಿರವಾಗಿ ಕಟ್ಟಿ. ಮಗು ಮಗುಚಿ, ಕೈಯೂರಿ ಏಳಲು ತೊಡಗಿದ ದಿನದಿಂದ ತೂಗುವ ತೊಟ್ಟಿಲಲ್ಲಿ ಮಲಗಿಸಬಾರದು.

ಬರಿತೊಟ್ಟಿಲು ತೂಗಬಾರದೆಂದು ಅಜ್ಜಿಯರು ಹೇಳುತ್ತಾರೆ. ಹಾಗಾದರೆ ಕೂಸನ್ನು ಹಾಕುವ ಮುಂಚೆ ಇಪ್ಪತ್ತು ಕಿಲೋ ಅಕ್ಕಿಯ ಚೀಲವನ್ನು ಅದರಲ್ಲಿ ಮಲಗಿಸಿ ಅರ್ಧ ಗಂಟೆ ಜೋರಾಗಿ ತೂಗಿ ನೋಡಿ. ಆಮೇಲೆ ಪ್ರತಿಯೊಂದು ಸಂದು, ಕೊಂಡಿ, ಸರಪಳಿಯ ಬಳೆಯನ್ನು ಮತ್ತೊಮ್ಮೆ ಬೆರಳಿಟ್ಟು ಪರೀಕ್ಷಿಸಿ. ಎಲ್ಲಿಯೂ ಕಿರುಗುಡದೆ, ಸಡಿಲದೆ ಇದ್ದರೆ ಅಕ್ಕಿಚೀಲ ಇಳಿಸಿ, ಹಾಸಿಗೆ ಹಾಕಬಹುದು.